ಹೆಬ್ಬೆರಳಿನ ತೀರ್ಪು: ಚರ್ಚೆಯಲ್ಲಿ ಮೇಲೆ ಯಾರು, ಕೆಳಗೆ ಯಾರು?

ವೀಕ್ಷಕರೇ, ಮೊಬೈಲ್‌ನಲ್ಲಿ ಒಂದು ಸುದ್ದಿ ತೆರೀತೀರಿ ಅಂದುಕೊಳ್ಳಿ. ಅದರ ಕೆಳಗೆ ಮೂರು ಸಾವಿರ ಕಾಮೆಂಟ್ ಇದೆ. ಮೂರು ಸಾವಿರವನ್ನೂ ಯಾರೂ ಓದಲ್ಲ. ಮೇಲಿನ ನಾಲ್ಕು ಓದ್ತೀವಿ, ಐದನೆಯದರ ಮೇಲೆ ಕಣ್ಣಾಡಿಸ್ತೀವಿ, "ಓಹೋ, ಜನ ಹೀಗೆ ಹೇಳ್ತಿದ್ದಾರೆ" ಅಂದುಕೊಂಡು ಮುಂದೆ ಹೋಗ್ತೀವಿ. ಆ ನಾಲ್ಕನ್ನು ಮೇಲೆ ಕೂರಿಸಿದ್ದು ಯಾರು? ಉಳಿದ 2996 ಮಾತುಗಳನ್ನು ಕೆಳಗೆ ತಳ್ಳಿದ್ದು ಯಾರು?

"ನಾವೇ, ಜನರೇ" ಅನ್ನೋದು ಸುಲಭದ ಉತ್ತರ. ಅದು ಅರ್ಧ ಸತ್ಯ. ಜನ ಹೆಬ್ಬೆರಳು ಎತ್ತುತ್ತಾರೆ, ಆದರೆ ಆ ಹೆಬ್ಬೆರಳಿಗೆ ಎಷ್ಟು ತೂಕ, ಯಾವಾಗ ತೂಕ, ಎಷ್ಟು ಬಾರಿ ತೂಕ ಅನ್ನೋದನ್ನು ಬೇರೆ ಯಾರೋ ಬರೆದಿಟ್ಟಿರುತ್ತಾರೆ. ಈ ನಿಯಮಕ್ಕೆ ಮೂವತ್ತು ವರ್ಷಗಳ ಇತಿಹಾಸ ಇದೆ. ಇಂಜಿನಿಯರಿಂಗ್ ಓದಿ ಸುದ್ದಿಮನೆಗೆ ಬಂದವನು ನಾನು. ಈ ಕಥೆಯಲ್ಲಿ ನನ್ನ ಹಳೆಯ ಓದು ಮತ್ತು ಈಗಿನ ಕಸುಬು ಎರಡೂ ಸೇರಿಕೊಂಡಿವೆ. ಹಾಗಾಗಿ ಇವತ್ತು ಸ್ವಲ್ಪ ನಿಧಾನವಾಗಿ ಹೇಳ್ತೀನಿ.

ನಮ್ಮೂರುಗಳ ಅರಳಿಕಟ್ಟೆ ನೆನಪಿಸಿಕೊಳ್ಳಿ. ಅಲ್ಲಿ ಇಪ್ಪತ್ತು ಜನ ಕೂತು ಮಾತಾಡಿದರೆ ಯಾರ ಮಾತಿಗೆ ತೂಕ ಅಂತ ಬೋರ್ಡ್ ಹಾಕಬೇಕಾಗಿಲ್ಲ. ಒಬ್ಬ ಹಿರಿಯರು ಹುಬ್ಬು ಏರಿಸಿದರೆ ಸಾಕು, ಬಾಯಿಗೆ ಬಂದದ್ದು ಹೇಳುವವನು ಸುಮ್ಮನಾಗುತ್ತಾನೆ. ಅಲ್ಲಿ ಎಲ್ಲರಿಗೂ ಎಲ್ಲರೂ ಗೊತ್ತು. ಆ ಕಟ್ಟೆ ಮೇಲೆ ಇಪ್ಪತ್ತು ಲಕ್ಷ ಜನ ಬಂದು ಕೂತರೆ? ಅದೂ ಮುಖ ಕಾಣದ, ಹೆಸರು ಗೊತ್ತಿಲ್ಲದ ಜನ ಬಂದರೆ? ಅಲ್ಲಿಂದ ಶುರುವಾಗುತ್ತೆ ನಮ್ಮ ಕಥೆ.

ಯೂಸ್‌ನೆಟ್ ಎಂಬ ಜಾಲ ಹುಟ್ಟಿದ್ದು ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ. 1979ರಲ್ಲಿ ಡ್ಯೂಕ್ ವಿಶ್ವವಿದ್ಯಾಲಯದ ಇಬ್ಬರು ವಿದ್ಯಾರ್ಥಿಗಳು, ಟಾಮ್ ಟ್ರಸ್ಕಾಟ್ ಮತ್ತು ಜಿಮ್ ಎಲ್ಲಿಸ್, ಅದರ ಯೋಚನೆ ಮಾಡಿದರು. 1980ರಲ್ಲಿ ಅದು ಓಡಾಡತೊಡಗಿತು. ವಿಷಯಕ್ಕೊಂದು ಗುಂಪು, ಗುಂಪಿನಲ್ಲಿ ಯಾರು ಬೇಕಾದರೂ ಬರೆಯಬಹುದು. ಮೊದಮೊದಲು ಅದೂ ಅರಳಿಕಟ್ಟೆಯೇ. ಪ್ರತಿ ಸೆಪ್ಟೆಂಬರ್‌ನಲ್ಲಿ ಕಾಲೇಜಿಗೆ ಹೊಸ ಹುಡುಗರು ಬರುತ್ತಿದ್ದರು, ಒಂದಷ್ಟು ದಿನ ಗಲಾಟೆ ಆಗುತ್ತಿತ್ತು, ಆಮೇಲೆ ರೀತಿನೀತಿ ಕಲಿತು ಸರಿಹೋಗುತ್ತಿದ್ದರು. 1993ರ ಹೊತ್ತಿಗೆ ಮನೆಮನೆಗೆ ಇಂಟರ್‌ನೆಟ್ ಮಾರುವ ಕಂಪನಿಗಳ ಗ್ರಾಹಕರು ನುಗ್ಗತೊಡಗಿದರು. ಹಳಬರು ಇದಕ್ಕೆ "ಮುಗಿಯದ ಸೆಪ್ಟೆಂಬರ್" ಎಂದು ಹೆಸರಿಟ್ಟರು. ಕಲಿಸುವವರಿಗಿಂತ ಹೊಸಬರೇ ಹೆಚ್ಚಾದರು. ಓದಲು ಯೋಗ್ಯವಾದದ್ದು ಯಾವುದು, ಕಸ ಯಾವುದು ಅಂತ ಹುಡುಕೋದೇ ಒಂದು ಕೆಲಸವಾಯಿತು.

ಇದಕ್ಕೆ ಮದ್ದು ಹುಡುಕಿದವರು ಸಂಶೋಧಕರು. ಕ್ಯಾಲಿಫೋರ್ನಿಯಾದ ಜೆರಾಕ್ಸ್ ಸಂಶೋಧನಾ ಕೇಂದ್ರದಲ್ಲಿ 1992ರಲ್ಲಿ ಟ್ಯಾಪೆಸ್ಟ್ರಿ ಎಂಬ ವ್ಯವಸ್ಥೆ ಬಂತು. ಒಬ್ಬರು ಓದಿ "ಇದು ಚೆನ್ನಾಗಿದೆ" ಅಂತ ಗುರುತು ಹಾಕಿದರೆ ಅದು ಇನ್ನೊಬ್ಬರಿಗೆ ದಾರಿ ತೋರಿಸಬೇಕು, ಇಷ್ಟೇ ಅದರ ಸೂತ್ರ. 1994ರಲ್ಲಿ ಪಾಲ್ ರೆಸ್ನಿಕ್, ಜಾನ್ ರೀಡ್ಲ್ ಮತ್ತು ಅವರ ಸಂಗಡಿಗರು ಗ್ರೂಪ್‌ಲೆನ್ಸ್ ಎಂಬ ಪ್ರಯೋಗವನ್ನು ಪ್ರಕಟಿಸಿದರು. ಯೂಸ್‌ನೆಟ್‌ನ ಬರಹಕ್ಕೆ ಓದುಗ 1ರಿಂದ 5ರವರೆಗೆ ಅಂಕ ಕೊಡ್ತಾನೆ. ಹಿಂದೆ ನಿಮ್ಮಂತೆಯೇ ಅಂಕ ಕೊಟ್ಟವರು ಯಾರು ಅಂತ ಕಂಪ್ಯೂಟರ್ ಹುಡುಕುತ್ತೆ. ಅವರಿಗೆ ಹಿಡಿಸಿದ್ದು ನಿಮಗೂ ಹಿಡಿಸೀತು ಅಂತ ಊಹೆ ಮಾಡುತ್ತೆ. ಇವತ್ತು "ನಿಮಗಾಗಿ ಆಯ್ದದ್ದು" ಅಂತ ಬರುವ ಪ್ರತಿಯೊಂದರ ಅಜ್ಜಿ ಇದು.

ಇಲ್ಲಿಯವರೆಗೆ ಪ್ರಯೋಗಾಲಯದ ಮಾತು. ಬೀದಿಗೆ ಬಂದದ್ದು ಸ್ಲ್ಯಾಶ್‌ಡಾಟ್‌ನಿಂದ. 1997ರ ಸೆಪ್ಟೆಂಬರ್‌ನಲ್ಲಿ, ಮಿಷಿಗನ್ ರಾಜ್ಯದಲ್ಲಿ ಓದುತ್ತಿದ್ದ ರಾಬ್ ಮಾಲ್ಡಾ ಎಂಬ ವಿದ್ಯಾರ್ಥಿ ತಂತ್ರಜ್ಞಾನದ ಸುದ್ದಿಗೆ ಅಂತ ಇದನ್ನು ಕಟ್ಟಿದ. ದಿನಕ್ಕೆ ಹತ್ತಾರು ಸುದ್ದಿ, ಪ್ರತಿ ಸುದ್ದಿಗೂ ನೂರಾರು ಪ್ರತಿಕ್ರಿಯೆ. ಮೊದಲು 25 ಜನ ನಂಬಿಕಸ್ಥರನ್ನು ಕಸ ಗುಡಿಸೋಕೆ ಇಟ್ಟರು. ಸಾಲಲಿಲ್ಲ, ಸುಮಾರು 400 ಮಂದಿಯನ್ನು ಮಾಡಿದರು. ಅದೂ ಸಾಲಲಿಲ್ಲ. ಕೊನೆಗೆ ಅಧಿಕಾರವನ್ನು ಸಾಮಾನ್ಯ ಸದಸ್ಯರಿಗೇ ಹಂಚಿದರು.

ಹೇಗೆ ಹಂಚಿದರು ಅನ್ನೋದನ್ನು ಗಮನವಿಟ್ಟು ನೋಡಿ. ಎಲ್ಲರಿಗೂ, ಎಲ್ಲ ದಿನ, ಎಷ್ಟು ಬೇಕಾದರೂ ವೋಟು ಹಾಕೋ ಹಕ್ಕು ಕೊಡಲಿಲ್ಲ. ನಿಯಮಿತವಾಗಿ ಬಂದು ಓದುವ, ಒಳ್ಳೆಯ ಹೆಸರಿರುವ ಸದಸ್ಯರಲ್ಲಿ ಕೆಲವರನ್ನು ಕಂಪ್ಯೂಟರ್ ಆಗಾಗ ಆರಿಸುತ್ತಿತ್ತು. ಅವರ ಕೈಗೆ ಐದೇ ಐದು ಪಾಯಿಂಟ್. ಮೂರು ದಿನದಲ್ಲಿ ಖರ್ಚು ಮಾಡದಿದ್ದರೆ ಅವು ಮಾಯ. ಒಂದು ಪ್ರತಿಕ್ರಿಯೆಯನ್ನು ಒಂದು ಮೆಟ್ಟಿಲು ಏರಿಸೋಕೆ ಅಥವಾ ಇಳಿಸೋಕೆ ಒಂದು ಪಾಯಿಂಟ್. ಯಾಕೆ ಏರಿಸಿದೆ ಅಂತ ಕಾರಣವನ್ನೂ ಆರಿಸಬೇಕು: ಒಳನೋಟ ಇದೆ, ಮಾಹಿತಿ ಇದೆ, ತಮಾಷೆಯಾಗಿದೆ, ವಿಷಯಾಂತರ, ಕಾಲು ಕೆರೆಯುವ ಮಾತು, ಹೀಗೆ. ಒಟ್ಟು ಅಂಕ ಮೈನಸ್ 1ಕ್ಕಿಂತ ಕೆಳಗೆ ಇಳಿಯದು, 5ಕ್ಕಿಂತ ಮೇಲೆ ಏರದು. ಓದುಗನೇ ತನ್ನ ಗೆರೆ ಎಳೆದುಕೊಳ್ಳಬಹುದು. "ನನಗೆ 3ಕ್ಕಿಂತ ಮೇಲಿನದ್ದು ಮಾತ್ರ ತೋರಿಸು" ಅಂದರೆ ಅಷ್ಟೇ ಕಾಣುತ್ತೆ. ಮಿಕ್ಕದ್ದು ಅಳಿಸಿಹೋಗಿರಲ್ಲ, ಬೇಕಾದವರಿಗೆ ಅಲ್ಲೇ ಸಿಗುತ್ತೆ.

ಇನ್ನೆರಡು ನಿಯಮ ಇತ್ತು. ಒಂದು, ಯಾವ ಚರ್ಚೆಯಲ್ಲಿ ನೀನು ಮಾತಾಡ್ತೀಯೋ ಆ ಚರ್ಚೆಗೆ ನೀನು ಅಂಕ ಕೊಡುವಂತಿಲ್ಲ. ಕಬಡ್ಡಿ ಆಡುವವನೇ ಸೀಟಿ ಊದೋ ಹಾಗಿಲ್ಲ! ಎರಡನೆಯದು 1999ರಲ್ಲಿ ಬಂತು. ಅಂಕ ಕೊಟ್ಟವರು ಸರಿಯಾಗಿ ಕೊಟ್ಟಿದ್ದಾರಾ ಅಂತ ಬೇರೆ ಸದಸ್ಯರು ಪರಿಶೀಲಿಸಬೇಕು. ನ್ಯಾಯವಾಗಿದೆ, ನ್ಯಾಯವಾಗಿಲ್ಲ ಅಂತ ಗುರುತು ಹಾಕಬೇಕು. ಅನ್ಯಾಯ ಮಾಡಿದವನಿಗೆ ಮುಂದೆ ಅಧಿಕಾರ ಸಿಗೋ ಸಾಧ್ಯತೆ ಕಡಿಮೆಯಾಗುತ್ತೆ. ಅಂದರೆ ತೀರ್ಪು ಕೊಡುವವನಿಗೂ ಒಂದು ತೀರ್ಪು ಇತ್ತು.

ಇದು ರಾಮರಾಜ್ಯ ಆಗಿತ್ತು ಅಂತ ಹೇಳ್ತಿಲ್ಲ. ಗ್ರೂಪ್‌ಲೆನ್ಸ್‌ನ ಅದೇ ಪಾಲ್ ರೆಸ್ನಿಕ್, ಕ್ಲಿಫ್ ಲ್ಯಾಂಪ್ ಅವರ ಜೊತೆ 2004ರಲ್ಲಿ ಸ್ಲ್ಯಾಶ್‌ಡಾಟ್‌ನ ಅಂಕಿಅಂಶಗಳನ್ನು ಕೂಲಂಕಷವಾಗಿ ನೋಡಿದರು. ಒಟ್ಟಾರೆ ವ್ಯವಸ್ಥೆ ಕೆಲಸ ಮಾಡ್ತಿದೆ ಅಂತ ಕಂಡಿತು. ಜೊತೆಗೆ ಒಂದು ಹುಳುಕೂ ಕಂಡಿತು. ತಡವಾಗಿ ಬಂದ ಒಳ್ಳೆಯ ಮಾತಿಗೆ, ಕಡಿಮೆ ಅಂಕದಿಂದ ಶುರುವಾದ ಒಳ್ಳೆಯ ಮಾತಿಗೆ ಸಿಗಬೇಕಾದ ಗಮನ ಸಿಗುತ್ತಿರಲಿಲ್ಲ. ಮೊದಲು ಬಂದವನಿಗೆ ಮೊದಲ ಪಂಕ್ತಿ. ಯೋಚಿಸಿ ಬರೆದವನು ಬರೋ ಹೊತ್ತಿಗೆ ಎಲೆ ಎತ್ತಿಯಾಗಿರುತ್ತಿತ್ತು. ಈ ಹುಳುಕನ್ನು ನೆನಪಿಟ್ಟುಕೊಳ್ಳಿ, ಮುಂದೆ ಮತ್ತೆ ಬರುತ್ತೆ.

2004ರ ಡಿಸೆಂಬರ್‌ನಲ್ಲಿ ಡಿಗ್ ಬಂತು. ಕೆವಿನ್ ರೋಸ್ ಮತ್ತು ಗೆಳೆಯರ ಕೆಲಸ. ಸ್ಲ್ಯಾಶ್‌ಡಾಟ್‌ನಲ್ಲಿ ಯಾವ ಸುದ್ದಿ ಮುಖಪುಟಕ್ಕೆ ಬರಬೇಕು ಅಂತ ಸಂಪಾದಕರೇ ತೀರ್ಮಾನಿಸುತ್ತಿದ್ದರು. ಡಿಗ್ ಆ ಸಂಪಾದಕನನ್ನೇ ತೆಗೆದುಹಾಕಿತು. ಮೆಚ್ಚಿದರೆ "ಡಿಗ್", ಅಂದರೆ ಅಗೆದು ಮೇಲೆ ತೆಗಿ. ಮೆಚ್ಚದಿದ್ದರೆ "ಬರಿ", ಅಂದರೆ ಹೂಳು. ಐದು ಪಾಯಿಂಟಿನ ಲೆಕ್ಕ ಇಲ್ಲ, ಮೂರು ದಿನದ ಗಡುವು ಇಲ್ಲ, ಮೇಲ್ಮನವಿಯೂ ಇಲ್ಲ. ಎಷ್ಟು ಬೇಕಾದರೂ ಒತ್ತು.

ಜನಕ್ಕೆ ಇದು ಹಬ್ಬ. ಮುಖಪುಟ ಜನರ ಕೈಗೆ ಬಂತು ಅನ್ನೋ ಸಂಭ್ರಮ. ಆ ಸಂಭ್ರಮದಲ್ಲಿ ಸತ್ಯವೂ ಇತ್ತು. 2007ರ ಮೇ 1ರಂದು ಏನಾಯ್ತು ನೋಡಿ. ಎಚ್‌ಡಿ ಡಿವಿಡಿಗಳ ರಕ್ಷಣೆ ಮುರಿಯುವ ಒಂದು ಗುಪ್ತ ಸಂಖ್ಯೆಯನ್ನು ಸದಸ್ಯರು ಹಾಕಿದರು. ಕಾನೂನು ನೋಟಿಸ್ ಬಂದದ್ದರಿಂದ ಸಂಸ್ಥೆ ಅದನ್ನು ತೆಗೆಯಿತು. ತೆಗೆದಷ್ಟೂ ಸದಸ್ಯರು ಮತ್ತೆ ಹಾಕಿದರು, ಮತ್ತೆ ಮೇಲಕ್ಕೆತ್ತಿದರು. ಇಡೀ ಮುಖಪುಟದಲ್ಲಿ ಅದೇ ಸಂಖ್ಯೆ. ರಾತ್ರಿಯ ಹೊತ್ತಿಗೆ ಕೆವಿನ್ ರೋಸ್ ಸೋಲೊಪ್ಪಿ, ಇನ್ನು ತೆಗೆಯುವುದಿಲ್ಲ ಅಂತ ಬರೆದರು. ಸದಸ್ಯರು ಮಾಲೀಕನನ್ನೇ ಮಣಿಸಿದ ದಿನ ಅದು.

ಆದರೆ ಜನರ ಹೆಸರಲ್ಲಿ ಕೆಲವೇ ಜನ ಆಳೋದು ನಮಗೆ ಹೊಸದಲ್ಲವಲ್ಲ? ಇಲ್ಲೂ ಅದೇ ಆಯಿತು. ದಿನವಿಡೀ ಅಲ್ಲೇ ಕೂತ, ಪರಸ್ಪರ ವೋಟು ಹಾಕಿಕೊಳ್ಳುವ ಚಿಕ್ಕ ಬಳಗಕ್ಕೆ ಮುಖಪುಟದ ಮೇಲೆ ದೊಡ್ಡ ಹಿಡಿತ ಸಿಕ್ಕಿತು. ಅಗ್ರ ಸದಸ್ಯರ ಪಟ್ಟಿಯನ್ನೇ 2007ರ ಫೆಬ್ರವರಿಯಲ್ಲಿ ಸಂಸ್ಥೆ ತೆಗೆದುಹಾಕಬೇಕಾಯಿತು. 2010ರ ಆಗಸ್ಟ್‌ನಲ್ಲಿ, ಒಂದು ರಾಜಕೀಯ ಗುಂಪು ಕೂಡಿ ಮಾತಾಡಿಕೊಂಡು ತನಗೆ ಆಗದ ಸುದ್ದಿಗಳನ್ನು ಹೂಳುತ್ತಿದೆ ಅಂತ ವರದಿಯಾಯಿತು. ಅದೇ ತಿಂಗಳ ಕೊನೆಯಲ್ಲಿ ಡಿಗ್ ಹೊಸ ರೂಪ ತಾಳಿತು. ಹೂಳುವ ಗುಂಡಿ ಮಾಯ, ದೊಡ್ಡ ಪ್ರಕಾಶಕರ ಸುದ್ದಿ ತಾನಾಗಿ ಬಂದು ಬೀಳುವ ಏರ್ಪಾಡು ಪ್ರತ್ಯಕ್ಷ. ಸದಸ್ಯರು ಸಿಟ್ಟಿಗೆದ್ದು ಎದುರಾಳಿ ರೆಡಿಟ್‌ನ ಕೊಂಡಿಗಳನ್ನೇ ಮೇಲೆತ್ತಿ ಮುಖಪುಟ ತುಂಬಿಸಿದರು. ಆಮೇಲೆ ಗುಳೆ ಎದ್ದರು. 2012ರಲ್ಲಿ ಡಿಗ್‌ನ ಹೆಸರು ಮತ್ತು ತಂತ್ರಾಂಶ ಸುಮಾರು 5 ಲಕ್ಷ ಡಾಲರಿಗೆ ಮಾರಾಟವಾಯಿತು ಅಂತ ಪತ್ರಿಕೆಗಳು ಬರೆದವು.

ಗುಳೆ ಹೋದವರು ಸೇರಿದ್ದು ರೆಡಿಟ್‌ಗೆ. 2005ರ ಜೂನ್‌ನಲ್ಲಿ ಸ್ಟೀವ್ ಹಫ್‌ಮನ್ ಮತ್ತು ಅಲೆಕ್ಸಿಸ್ ಒಹಾನಿಯನ್ ಶುರು ಮಾಡಿದ್ದು. ಸ್ವಾರಸ್ಯ ಏನಂದರೆ, ಮೊದಲ ದಿನಗಳಲ್ಲಿ ಅಲ್ಲಿ ಜನವೇ ಇರಲಿಲ್ಲ. ಸ್ಥಾಪಕರೇ ಬೇರೆಬೇರೆ ಸುಳ್ಳು ಹೆಸರುಗಳಲ್ಲಿ ಸುದ್ದಿ ಹಾಕಿ ಜಾತ್ರೆ ಸೇರಿದಂತೆ ತೋರಿಸುತ್ತಿದ್ದರು. ಇದನ್ನು ಆಮೇಲೆ ಅವರೇ ಹೇಳಿಕೊಂಡಿದ್ದಾರೆ.

ರೆಡಿಟ್‌ನ ಲೆಕ್ಕಾಚಾರ ಸ್ವಲ್ಪ ಬಿಡಿಸಿ ಹೇಳ್ತೀನಿ, ಗಾಬರಿ ಬೇಡ. ಅವರು ಬಹಿರಂಗಪಡಿಸಿದ್ದ ಹಳೆಯ ಸೂತ್ರದ ಪ್ರಕಾರ, 10 ವೋಟಿಗೆ ಒಂದು ಮೆಟ್ಟಿಲು. ಎರಡನೇ ಮೆಟ್ಟಿಲಿಗೆ 100 ವೋಟು ಬೇಕು. ಮೂರನೆಯದಕ್ಕೆ 1000. ಇನ್ನೊಂದು ಕಡೆ, ಹನ್ನೆರಡೂವರೆ ಗಂಟೆ ತಡವಾಗಿ ಬಂದ ಸುದ್ದಿಗೆ ತಾನಾಗಿಯೇ ಒಂದು ಮೆಟ್ಟಿಲು ಹೆಚ್ಚು. ಅಂದರೆ ಬೆಳಗ್ಗೆ ಬಂದು 100 ವೋಟು ಪಡೆದದ್ದೂ, ರಾತ್ರಿ ಬಂದು 10 ವೋಟು ಪಡೆದದ್ದೂ ಸಮ. ಹೊಸದು ಮೇಲೆ ಬರಲಿ, ಹಳೆಯದು ಇಳಿಯಲಿ ಅನ್ನೋ ಉದ್ದೇಶ ಒಳ್ಳೆಯದೇ. ಆದರೆ ಪರಿಣಾಮ ನೋಡಿ: ಮೊದಲ ಹತ್ತು ಜನರ ಕೈಗೆ ಮುಂದಿನ ತೊಂಬತ್ತು ಜನರಷ್ಟು ಬಲ!

ಕಾಮೆಂಟ್‌ಗಳ ವಿಂಗಡಣೆಯನ್ನು 2009ರಲ್ಲಿ ಅವರು ಸುಧಾರಿಸಿದರು. ಎಕ್ಸ್‌ಕೆಸಿಡಿ ಎಂಬ ವ್ಯಂಗ್ಯಚಿತ್ರಮಾಲೆಯ ರ‍್ಯಾಂಡಲ್ ಮನ್ರೋ ಅದನ್ನು ವಿವರಿಸಿ ಬರೆದರು. ಆಧಾರ 1927ರಲ್ಲಿ ಎಡ್ವಿನ್ ವಿಲ್ಸನ್ ಎಂಬ ಗಣಿತಜ್ಞ ಕೊಟ್ಟ ಸೂತ್ರ. ಒಬ್ಬನೇ ವೋಟು ಹಾಕಿ ಅದು ಮೆಚ್ಚುಗೆಯಾಗಿದ್ದರೆ ಶೇಕಡ 100. ಇಪ್ಪತ್ತರಲ್ಲಿ ಹತ್ತೊಂಬತ್ತು ಮೆಚ್ಚಿದ್ದರೆ ಶೇಕಡ 95. ಯಾವುದು ಮೇಲೆ? ವಿಲ್ಸನ್ ಲೆಕ್ಕದಲ್ಲಿ ಎರಡನೆಯದು. ಒಬ್ಬನ ಮಾತಿನ ಮೇಲೆ ಭರವಸೆ ಕಡಿಮೆ, ಇಪ್ಪತ್ತು ಜನರ ಮಾತಿನ ಮೇಲೆ ಹೆಚ್ಚು. ಇದರಿಂದ ತಡವಾಗಿ ಬಂದ ಒಳ್ಳೆಯ ಮಾತಿಗೂ ಮೇಲೇರುವ ದಾರಿ ಸಿಕ್ಕಿತು. ಸ್ಲ್ಯಾಶ್‌ಡಾಟ್‌ನ ಆ ಹುಳುಕಿಗೆ ಇದೊಂದು ಪ್ರಾಮಾಣಿಕ ಮದ್ದು.

ಇಷ್ಟಾದ ಮೇಲೂ ಒಂದು ರೋಗ ಉಳಿಯಿತು. ಅದು ಗಣಿತದ್ದಲ್ಲ, ಮನಸ್ಸಿನದು. 2013ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಒಂದು ಪ್ರಯೋಗ ಪ್ರಕಟವಾಯಿತು. ಲೆವ್ ಮುಚ್ನಿಕ್, ಸಿನಾನ್ ಅರಾಲ್ ಮತ್ತು ಶಾನ್ ಟೇಲರ್ ಮಾಡಿದ್ದು. ಇಂಥದ್ದೇ ಒಂದು ಸುದ್ದಿತಾಣದ ಒಂದು ಲಕ್ಷಕ್ಕೂ ಹೆಚ್ಚು ಕಾಮೆಂಟ್ ತೆಗೆದುಕೊಂಡು, ಕೆಲವಕ್ಕೆ ಚೀಟಿ ಎತ್ತಿದ ಹಾಗೆ ಒಂದು ನಕಲಿ ಮೆಚ್ಚುಗೆ ವೋಟು ಹಾಕಿದರು. ಒಂದೇ ಒಂದು. ಮುಂದೆ ಓದಿದ ಮೊದಲಿಗನು ಮೆಚ್ಚುಗೆ ಒತ್ತುವ ಸಾಧ್ಯತೆ ಶೇಕಡ 32ರಷ್ಟು ಏರಿತು. ಐದು ತಿಂಗಳ ಕೊನೆಗೆ ಅವುಗಳ ಒಟ್ಟು ಅಂಕ ಸರಾಸರಿ ಶೇಕಡ 25ರಷ್ಟು ಹೆಚ್ಚಿತ್ತು. ಕಾಮೆಂಟ್‌ನ ಒಂದಕ್ಷರವೂ ಬದಲಾಗಿರಲಿಲ್ಲ. ಒಂದು ಕುರಿ ಹಳ್ಳಕ್ಕೆ ಬಿದ್ದರೆ ಉಳಿದವೂ ಬೀಳುತ್ತವೆ ಅಂತ ನಮ್ಮ ಹಿರಿಯರು ಪ್ರಯೋಗ ಮಾಡದೆಯೇ ಹೇಳಿದ್ದರು.

ಈಗ ಇದೇ ಕುರಿಹಿಂಡು ಒಂದು ಕುಟುಂಬದ ಬಾಗಿಲಿಗೆ ನುಗ್ಗಿದ ಕಥೆ ಕೇಳಿ. 2013ರ ಏಪ್ರಿಲ್ 15. ಬಾಸ್ಟನ್ ಮ್ಯಾರಥಾನ್‌ನ ಗುರಿಗೆರೆಯ ಬಳಿ ಬಾಂಬ್ ಸ್ಫೋಟ. ಮೂವರ ಸಾವು, ನೂರಾರು ಜನರಿಗೆ ಗಾಯ. ರೆಡಿಟ್‌ನಲ್ಲಿ ಕೂಡಲೇ ಒಂದು ಗುಂಪು ಹುಟ್ಟಿತು, ಬಾಂಬ್ ಇಟ್ಟವರನ್ನು ನಾವೇ ಹುಡುಕ್ತೀವಿ ಅಂತ. 18ರಂದು ತನಿಖಾ ಸಂಸ್ಥೆ ಎಫ್‌ಬಿಐ ಇಬ್ಬರು ಶಂಕಿತರ ಫೋಟೊ ಬಿಡುಗಡೆ ಮಾಡಿತು. ಆ ಫೋಟೊದಲ್ಲಿರುವವನು ಒಂದು ತಿಂಗಳ ಹಿಂದೆ ಕಾಣೆಯಾದ ಭಾರತೀಯ ಮೂಲದ ವಿದ್ಯಾರ್ಥಿಯಂತೆ ಕಾಣ್ತಾನೆ ಅಂತ ಯಾರೋ ಹೇಳಿದರು. ಮಾತು ಮೇಲೇರಿತು. ಮೇಲೇರಿದ್ದರಿಂದ ಇನ್ನಷ್ಟು ಜನ ನೋಡಿದರು, ನೋಡಿದ್ದರಿಂದ ಇನ್ನಷ್ಟು ಮೇಲೇರಿತು. ರಾತ್ರೋರಾತ್ರಿ ಪತ್ರಕರ್ತರೂ ಅದನ್ನು ಹಂಚಿದರು. ಮಗನನ್ನು ಹುಡುಕಿಕೊಡಿ ಅಂತ ಕುಟುಂಬ ತೆರೆದಿದ್ದ ಫೇಸ್‌ಬುಕ್ ಪುಟಕ್ಕೆ ಬೈಗುಳದ ಮಳೆ. ಅವರು ಆ ಪುಟವನ್ನೇ ಮುಚ್ಚಬೇಕಾಯಿತು.

ಬೆಳಗಾಗುವಷ್ಟರಲ್ಲಿ ನಿಜವಾದ ಶಂಕಿತರು ಬೇರೆಯವರು ಅಂತ ಗೊತ್ತಾಯಿತು. 22ರಂದು ರೆಡಿಟ್ ಬಹಿರಂಗವಾಗಿ ಕ್ಷಮೆ ಕೇಳಿತು. ಮರುದಿನ ಆ ಹುಡುಗನ ಶವ ಸಿಕ್ಕಿತು. ಸ್ಫೋಟಕ್ಕೂ ಆತನಿಗೂ ಸಂಬಂಧವೇ ಇರಲಿಲ್ಲ.

ಇಲ್ಲೊಂದು ಪ್ರಶ್ನೆ ಕೇಳಲೇಬೇಕು. ಅಂದು ಮೆಚ್ಚುಗೆ ಒತ್ತಿದ ಸಾವಿರಾರು ಜನರಲ್ಲಿ ಕೆಟ್ಟವರು ಎಷ್ಟು? ಬಹುಪಾಲು ಜನ ಸಹಾಯ ಮಾಡೋಣ ಅಂತಲೇ ಒತ್ತಿದರು. ಒತ್ತಿದವನಿಗೆ ಅದರಿಂದ ನಷ್ಟ ಏನೂ ಇರಲಿಲ್ಲ. ಯಾಕೆ ಒತ್ತಿದೆ ಅಂತ ಕೇಳುವವರಿರಲಿಲ್ಲ. ತಪ್ಪು ಅಂತ ತಿಳಿದ ಮೇಲೆ ಅವನ ಅಧಿಕಾರ ಕಡಿಮೆ ಆಗಲೂ ಇಲ್ಲ. ಸ್ಲ್ಯಾಶ್‌ಡಾಟ್ ಹದಿನಾಲ್ಕು ವರ್ಷ ಮೊದಲೇ ಕಟ್ಟಿದ್ದ ಮೂರೂ ಬೇಲಿಗಳು, ಅಂದರೆ ಮಿತಿ, ಕಾರಣ, ಮರುಪರಿಶೀಲನೆ, ಅಷ್ಟರಲ್ಲಿ ಕಿತ್ತುಹೋಗಿದ್ದವು. ಯಾಕೆ ಕಿತ್ತರು? ಬೇಲಿ ಇದ್ದರೆ ಜನ ಕಡಿಮೆ ಒತ್ತುತ್ತಾರೆ. ಕಡಿಮೆ ಒತ್ತಿದರೆ ವ್ಯಾಪಾರ ನಿಲ್ಲುತ್ತೆ.

"ಇದೆಲ್ಲ ಹೇಳೋಕೆ ಟಿವಿಯವನಾದ ನಿನಗೇನು ಹಕ್ಕು?" ಅಂತ ನೀವು ಕೇಳಬಹುದು. ಕೇಳಲೇಬೇಕು. ನಮ್ಮ ಮನೆಯ ಹೆಸರು ಟಿಆರ್‌ಪಿ. ಪ್ರತಿ ಗುರುವಾರ ಅಂಕ ಬರುವ ದಿನ ಯಾವ ಸುದ್ದಿಮನೆಯಲ್ಲಾದರೂ ಹೋಗಿ ನೋಡಿ, ಎಸ್‌ಎಸ್‌ಎಲ್‌ಸಿ ಫಲಿತಾಂಶದ ದಿನದಂತೆ ಇರುತ್ತೆ. 2020ರಲ್ಲಿ ಇಡೀ ದೇಶಕ್ಕೆ ಮೀಟರ್ ಇದ್ದದ್ದು ಸುಮಾರು 44 ಸಾವಿರ ಮನೆಗಳಲ್ಲಿ. ಆ ಮನೆಗಳಲ್ಲಿ ಏನು ನೋಡ್ತಾರೋ ಅದು ದೇಶ ನೋಡಿದ ಲೆಕ್ಕ. ಅದೇ ವರ್ಷ ಅಂಕ ತಿರುಚಿದ ಆರೋಪದ ಮೇಲೆ ಮುಂಬೈ ಪೊಲೀಸರು ತನಿಖೆ ಶುರು ಮಾಡಿದಾಗ, ಅಕ್ಟೋಬರ್‌ನಲ್ಲಿ ಬಾರ್ಕ್ ಸಂಸ್ಥೆ ಸುದ್ದಿವಾಹಿನಿಗಳ ವಾರದ ಅಂಕವನ್ನೇ ನಿಲ್ಲಿಸಿತು. ಮತ್ತೆ ಶುರುವಾದದ್ದು 2022ರ ಮಾರ್ಚ್‌ನಲ್ಲಿ. ಅಂಕಕ್ಕೆ ಒಂದು ಗುಣವಿದೆ: ಜನ ಎಷ್ಟು ಹೊತ್ತು ನೋಡಿದರು ಅಂತ ಹೇಳುತ್ತೆ. ನೋಡಿ ಏನು ತಿಳಿದುಕೊಂಡರು ಅಂತ ಹೇಳಲ್ಲ. ಈ ಕಸುಬಿನೊಳಗೆ ಇದ್ದುಕೊಂಡೇ ಹೇಳ್ತಿದ್ದೀನಿ, ಅಂಕ ನೋಡುತ್ತಾ ನೋಡುತ್ತಾ ದನಿ ಏರುತ್ತೆ. ಅದು ಎಲ್ಲರಿಗೂ ಕಾಣುವ ಸತ್ಯ.

ದನಿ ಏರಿಸುವುದಕ್ಕೆ ಲಾಭ ಇದೆ ಅನ್ನೋದಕ್ಕೆ ಇನ್ನೊಂದು ಸಾಕ್ಷಿ ಕೊಡ್ತೀನಿ. ಫೇಸ್‌ಬುಕ್‌ನಲ್ಲಿ ಲೈಕ್ ಗುಂಡಿ ಬಂದದ್ದು 2009ರಲ್ಲಿ. ಆಮೇಲೆ ಪ್ರೀತಿ, ನಗು, ಸಿಟ್ಟು ಅಂತ ಮುಖಗಳು ಬಂದವು. 2017ರಿಂದ ಇಂಥ ಒಂದು ಮುಖಕ್ಕೆ ಐದು ಲೈಕಿನಷ್ಟು ತೂಕ ಕೊಟ್ಟಿದ್ದರು ಎಂದು 2021ರಲ್ಲಿ ಹೊರಬಿದ್ದ ಸಂಸ್ಥೆಯ ಒಳದಾಖಲೆಗಳಿಂದ ಗೊತ್ತಾಯಿತು. ಅಂದರೆ ನೀವು ಸಿಟ್ಟಿನಿಂದ ಕೆಂಪು ಮುಖ ಒತ್ತಿದರೆ, ಆ ಬರಹ ಐದು ಪಟ್ಟು ಬಲದಿಂದ ಬೇರೆಯವರ ಮುಂದೆ ಹೋಗಿ ನಿಲ್ಲುತ್ತಿತ್ತು! ನೀವು ಛೀಮಾರಿ ಹಾಕಿದಿರಿ ಅಂದುಕೊಂಡಿರಿ. ಯಂತ್ರ ಅದನ್ನು ಶಿಫಾರಸು ಅಂತ ಓದಿಕೊಂಡಿತು. ಸಿಟ್ಟಿನ ತೂಕವನ್ನು ಸೊನ್ನೆಗೆ ಇಳಿಸಿದ್ದು 2020ರಲ್ಲಿ.

ಹಾಗಾದರೆ ಜನರಿಂದ ವೋಟು ಕಿತ್ತುಕೊಂಡು ಸಂಪಾದಕನಿಗೇ ವಾಪಸ್ ಕೊಡೋಣವೇ? ನಾನು ಹಾಗೆ ಹೇಳಲ್ಲ. ಬಾಸ್ಟನ್ ಸ್ಫೋಟದ ವಾರದಲ್ಲೇ ನ್ಯೂಯಾರ್ಕ್‌ನ ಒಂದು ಪತ್ರಿಕೆ, ಸಂಪಾದಕರೆಲ್ಲ ಇದ್ದೂ, ಇಬ್ಬರು ಅಮಾಯಕ ಯುವಕರ ಫೋಟೊ ಮುಖಪುಟಕ್ಕೆ ಹಾಕಿತ್ತು. ಸಂಪಾದಕನೂ ಎಡವುತ್ತಾನೆ. ವ್ಯತ್ಯಾಸ ಇಷ್ಟೇ: ಆ ಪತ್ರಿಕೆಯ ಮೇಲೆ ಯುವಕರು ಮೊಕದ್ದಮೆ ಹೂಡಬಹುದಿತ್ತು, ಹೂಡಿದರು. ಸಾವಿರ ಹೆಬ್ಬೆರಳುಗಳ ಮೇಲೆ ಮೊಕದ್ದಮೆ ಹೂಡೋದು ಹೇಗೆ?

ಹೊಣೆಯನ್ನು ಮತ್ತೆ ವ್ಯವಸ್ಥೆಯೊಳಗೇ ತರುವ ಒಂದು ಪ್ರಯತ್ನ ಟ್ವಿಟರ್‌ನಲ್ಲಿ 2021ರ ಜನವರಿಯಲ್ಲಿ ಶುರುವಾಯಿತು. ಈಗ ಅದರ ಹೆಸರು ಕಮ್ಯುನಿಟಿ ನೋಟ್ಸ್. ದಾರಿ ತಪ್ಪಿಸುವ ಪೋಸ್ಟ್‌ಗೆ ಸದಸ್ಯರು ಟಿಪ್ಪಣಿ ಬರೆಯುತ್ತಾರೆ, ಬೇರೆ ಸದಸ್ಯರು ಅಂಕ ಕೊಡುತ್ತಾರೆ. ಇಲ್ಲಿ ಹೆಚ್ಚು ವೋಟು ಬಂತು ಅಂತ ಟಿಪ್ಪಣಿ ಕಾಣಿಸಲ್ಲ. ಸಾಮಾನ್ಯವಾಗಿ ಒಬ್ಬರಿಗೊಬ್ಬರು ಒಪ್ಪದವರು ಈ ಟಿಪ್ಪಣಿಯನ್ನು ಮಾತ್ರ ಇಬ್ಬರೂ ಒಪ್ಪಿದ್ದಾರಾ ಅಂತ ಸೂತ್ರ ನೋಡುತ್ತೆ. ಒಂದೇ ಪಕ್ಷದ ಸಾವಿರ ಜನ ಜೈ ಅಂದರೂ ಸಾಲದು, ಎದುರು ಪಾಳಯದಿಂದಲೂ ತಲೆ ಆಡಬೇಕು. ಇದರಲ್ಲೂ ಕೊರತೆ ಇದೆ. ಒಪ್ಪಿಗೆ ಕೂಡಿಬರೋ ಹೊತ್ತಿಗೆ ಸುಳ್ಳು ಊರು ಸುತ್ತಿ ಬಂದಿರುತ್ತೆ, ಬಹಳಷ್ಟು ಟಿಪ್ಪಣಿಗಳು ಬೆಳಕನ್ನೇ ಕಾಣಲ್ಲ. ಆದರೂ ಎಣಿಸುವುದರ ಜೊತೆಗೆ ತೂಗುವುದೂ ಬೇಕು ಅನ್ನೋ ಹಳೆಯ ವಿವೇಕ ಇಲ್ಲಿ ವಾಪಸ್ ಬಂದಿದೆ.

ಈ ಮೂವತ್ತು ವರ್ಷಗಳಿಂದ ನಾನು ಎತ್ತಿಟ್ಟುಕೊಂಡ ಪಾಠ ಒಂದೇ. ಜನರ ತೀರ್ಪು ಕೆಟ್ಟದ್ದಲ್ಲ. ಬೆಲೆ ಇಲ್ಲದ ತೀರ್ಪು ಕೆಟ್ಟದ್ದು. ಐದೇ ಪಾಯಿಂಟ್ ಇದ್ದವನು ಪೂರ್ತಿ ಓದಿ ಒತ್ತುತ್ತಿದ್ದ, ಎಣಿಕೆಯೇ ಇಲ್ಲದವನು ತಲೆಬರಹ ನೋಡಿ ಒತ್ತುತ್ತಾನೆ. ಕಂಪನಿಗಳು ಆ ಬೇಲಿಯನ್ನು ನಾಳೆಯೇ ಮತ್ತೆ ಕಟ್ಟುತ್ತವೆ ಅನ್ನೋ ಭ್ರಮೆ ನನಗಿಲ್ಲ. ಆದರೆ ವೀಕ್ಷಕರೇ, ನಿಮ್ಮ ಹೆಬ್ಬೆರಳಿಗೆ ನೀವೇ ಬೇಲಿ ಹಾಕಿಕೊಳ್ಳೋಕೆ ಯಾರ ಅಪ್ಪಣೆಯೂ ಬೇಕಿಲ್ಲ. ನಾಳೆಯಿಂದ ಮೂರು ದಿನಕ್ಕೆ ಐದೇ ಲೈಕ್ ಅಂತ ಲೆಕ್ಕ ಇಟ್ಟು ನೋಡಿ. ಯಾವ ಐದಕ್ಕೆ ಕೊಡ್ತೀರಿ ಅಂತ ಆರಿಸೋಕೆ ಕೂತಾಗ, ಹಿಂದಿನ ವಾರ ಎಷ್ಟನ್ನು ಓದದೆಯೇ ಮೇಲಕ್ಕೆತ್ತಿದ್ದಿರಿ ಅನ್ನೋದು ನಿಮಗೇ ಗೊತ್ತಾಗುತ್ತೆ.